ಒಂದಾಗದ ಜೋಡಿಗಳನ್ನೇ ನಾವು ಮತ್ತೆ ಮತ್ತೆ ನೋಡುವುದೇಕೆ? ಕನ್ನಡ ಪ್ರೇಮಚಿತ್ರಗಳ ಕಟ್ಟುಪಾಡುಗಳ ಬಗ್ಗೆ ಒಂದು ಚರ್ಚೆ

ಸಹ್ಯಾದ್ರಿ (ಚರ್ಚೆ ಆರಂಭಿಸಿದವರು)

ಪ್ರೇಮಚಿತ್ರವೆಂದರೆ ಕೊನೆಯ ರೀಲಿನಲ್ಲಿ ನಾಯಕ ನಾಯಕಿಯರು ಒಂದಾಗಲೇಬೇಕು, ಇಲ್ಲದಿದ್ದರೆ ಜನ ಒಪ್ಪುವುದಿಲ್ಲ ಎಂಬ ಮಾತನ್ನು ಗಾಂಧಿನಗರದಲ್ಲಿ ಇಂದಿಗೂ ಕೇಳುತ್ತೇವೆ. ಆದರೆ ಕನ್ನಡಿಗರು ಮನಸ್ಸಿನಲ್ಲಿ ಉಳಿಸಿಕೊಂಡಿರುವ ಪ್ರೇಮಚಿತ್ರಗಳನ್ನು ಒಂದೊಂದಾಗಿ ನೆನಪಿಸಿಕೊಂಡರೆ ಈ ಮಾತು ನಿಲ್ಲುವುದಿಲ್ಲ. 1984ರ 'ಬಂಧನ'ದಲ್ಲಿ ಡಾಕ್ಟರ್ ಹರೀಶ್ ಪ್ರೀತಿಸಿದವಳು ಬೇರೊಬ್ಬನ ಹೆಂಡತಿಯಾಗುತ್ತಾಳೆ, ಅವನು ಕಡೆಗೆ ಪ್ರಾಣವನ್ನೇ ಬಿಡುತ್ತಾನೆ. 1995ರ 'ಬೆಳದಿಂಗಳ ಬಾಲೆ'ಯಲ್ಲಿ ಅನಂತ್ ನಾಗ್ ಅವರ ಪಾತ್ರವು ಫೋನಿನ ಧ್ವನಿಯನ್ನಷ್ಟೇ ನಂಬಿ ಇಡೀ ಚಿತ್ರದುದ್ದಕ್ಕೂ ಒಬ್ಬ ಹೆಣ್ಣನ್ನು ಹುಡುಕುತ್ತದೆ, ಅವಳ ಮುಖವನ್ನು ನಮಗೆ ತೋರಿಸುವುದೇ ಇಲ್ಲ. 2006ರ ಡಿಸೆಂಬರ್ 29ರಂದು ತೆರೆಕಂಡ 'ಮುಂಗಾರು ಮಳೆ'ಯಲ್ಲಿ ಪ್ರೀತಮ್ ತಾನು ಪ್ರೀತಿಸಿದ ನಂದಿನಿಯನ್ನು ಬಿಟ್ಟು ಬರಿಗೈಯಲ್ಲಿ ಬೆಂಗಳೂರಿಗೆ ಮರಳುತ್ತಾನೆ. 2023ರ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದ ಮೊದಲ ಭಾಗ ಮುಗಿಯುವ ಹೊತ್ತಿಗೆ ಪ್ರಿಯಾಳ ಮದುವೆ ಬೇರೆಯವನೊಂದಿಗೆ ಆಗಿರುತ್ತದೆ.

ನನ್ನ ವಾದ ಇಷ್ಟು. ಕನ್ನಡದ ಪ್ರೇಮಚಿತ್ರದ ಮುಖ್ಯ ಕಟ್ಟುಪಾಡು ಮಿಲನವಲ್ಲ, ಬಿಟ್ಟುಕೊಡುವುದು. ಪ್ರೇಕ್ಷಕ ಟಿಕೆಟ್ ಕೊಳ್ಳುವಾಗ ಇವರಿಬ್ಬರೂ ಸೇರುತ್ತಾರೋ ಇಲ್ಲವೋ ಎಂಬ ಕುತೂಹಲಕ್ಕಿಂತ ಹೆಚ್ಚಾಗಿ, ಯಾರು, ಯಾವ ಗಳಿಗೆಯಲ್ಲಿ, ಎಷ್ಟು ಘನತೆಯಿಂದ ಬಿಟ್ಟುಕೊಡುತ್ತಾರೆ ಎಂಬುದನ್ನು ನೋಡಲು ಹೋಗುತ್ತಾನೆ. ಅಂತ್ಯ ಗೊತ್ತಿದ್ದರೂ ಎರಡನೆಯ ಸಲ, ಮೂರನೆಯ ಸಲ ಹೋಗುವುದಕ್ಕೆ ಇದೇ ಕಾರಣ.

'ಮುಂಗಾರು ಮಳೆ'ಯ ಕಟ್ಟಡವನ್ನು ಸ್ವಲ್ಪ ಹತ್ತಿರದಿಂದ ಗಮನಿಸಿ. ಪ್ರೀತಮ್ ಮಾತಿನ ಮಲ್ಲ. ಮಳೆಯೊಂದಿಗೆ ಮಾತನಾಡುತ್ತಾನೆ, ದೇವದಾಸನೆಂಬ ಮೊಲದೊಂದಿಗೆ ಮಾತನಾಡುತ್ತಾನೆ, ಎದುರಿಗೆ ಯಾರೂ ಇಲ್ಲದಿದ್ದರೂ ಮಾತನಾಡುತ್ತಾನೆ. ನಂದಿನಿಯ ಮನಸ್ಸೂ ಅವನತ್ತ ಒಲಿದ ಮೇಲೆ ಅವಳ ತಂದೆಯ ಬಳಿ ಒಂದೇ ಒಂದು ಮಾತು ಕೇಳಬೇಕಾದ ಗಳಿಗೆ ಬರುತ್ತದೆ. ಆದರೆ ಆ ತಂದೆ ತನ್ನ ಹೃದಯದ ಕಾಯಿಲೆಯನ್ನೂ, ಮಗಳ ಮದುವೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆಯನ್ನೂ ಅವನ ಮುಂದೆಯೇ ಹೇಳಿಕೊಳ್ಳುತ್ತಾರೆ. ಅಲ್ಲಿಯವರೆಗೆ ಎಲ್ಲಿಯೂ ನಿಲ್ಲದ ನಾಲಗೆ ಅಲ್ಲಿ ನಿಲ್ಲುತ್ತದೆ. ನಿರ್ದೇಶಕ ಯೋಗರಾಜ್ ಭಟ್ ಅವರು ಅಷ್ಟೊಂದು ಮಾತನ್ನು ಚಿತ್ರದಲ್ಲಿ ತುಂಬಿದ್ದೇ ಈ ಒಂದು ಮೌನಕ್ಕೆ ಬೆಲೆ ಬರಲೆಂದು ಎಂಬುದು ನನ್ನ ದೃಢವಾದ ನಂಬಿಕೆ. ಮೌನಿಯಾದ ನಾಯಕ ಬಿಟ್ಟುಕೊಟ್ಟರೆ ಅದು ಅವನ ಸ್ವಭಾವವೆನಿಸುತ್ತದೆ. ಮಾತಿನ ಮಲ್ಲ ಸುಮ್ಮನಾದರೆ ಮಾತ್ರ ಅದಕ್ಕೆ ಅವನು ತೆತ್ತ ಬೆಲೆ ನಮಗೆ ಕಾಣುತ್ತದೆ.

ನಿಮ್ಮೆಲ್ಲರ ಅಭಿಪ್ರಾಯಗಳನ್ನು ತಿಳಿಯುವ ಆಸೆಯಿದೆ.

ಹಾಡುಗಳ ಹುಚ್ಚ

ಸಹ್ಯಾದ್ರಿಯವರ ವಾದ ಹಾಡುಗಳ ವಿಷಯದಲ್ಲೂ ನಿಜವಾಗುತ್ತದೆ, ಆದರೆ ಅದಕ್ಕೆ ಒಂದು ಕಾಲಘಟ್ಟವಿದೆ ಎಂದು ನನಗನಿಸುತ್ತದೆ.

1987ರಲ್ಲಿ 'ಪ್ರೇಮಲೋಕ' ಬಂದಾಗ ಹಂಸಲೇಖ ಅವರು ಪ್ರೇಮಗೀತೆಯ ಭಾಷೆಯನ್ನೇ ಬದಲಾಯಿಸಿದರು. ಅದುವರೆಗಿನ ಚಿತ್ರಗೀತೆಗಳಲ್ಲಿ ಭಾವಗೀತೆಯ ಗಾಂಭೀರ್ಯ ಹೆಚ್ಚಾಗಿತ್ತು. ಹಂಸಲೇಖ ಅವರು ಕಾಲೇಜಿನ ಕಾರಿಡಾರಿನ ಮಾತುಕತೆಯನ್ನು, ಛೇಡಿಸುವಿಕೆಯನ್ನು, ಪ್ರಶ್ನೆಗೆ ಮರುಪ್ರಶ್ನೆಯನ್ನು ಹಾಡಿನೊಳಗೆ ತಂದರು. ಆ ಹಾಡುಗಳಲ್ಲಿ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಉತ್ತರ ಕೊಡುತ್ತಾರೆ, ಸುತ್ತಲಿನ ಗುಂಪು ನಡುವೆ ಬಾಯಿ ಹಾಕುತ್ತದೆ. ಆ ಪ್ರೀತಿಗೆ ಎದುರಿಗೊಬ್ಬರು ಬೇಕೇ ಬೇಕು. ರವಿಚಂದ್ರನ್ ಅವರ ಚಿತ್ರಗಳಲ್ಲಿ ಬಣ್ಣ, ಹೂವು, ಕುಣಿತಗಳು ಅಷ್ಟೊಂದು ಇದ್ದದ್ದಕ್ಕೂ ಆ ಹಾಡುಗಳ ಸಂಭಾಷಣೆಯ ಗುಣಕ್ಕೂ ನಂಟಿದೆ.

ಜಯಂತ ಕಾಯ್ಕಿಣಿಯವರು 'ಮುಂಗಾರು ಮಳೆ'ಗೆ ಬರೆದ ಪ್ರೇಮಗೀತೆಯಾದರೋ ಬೇರೆಯದೇ ಜಾತಿಗೆ ಸೇರಿದ್ದು. ಅಲ್ಲಿ ಪ್ರೇಮಿ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಕೇಳಿಸಿಕೊಳ್ಳಬೇಕಾದವಳು ಅಲ್ಲಿ ಇದ್ದರೂ ಇಲ್ಲದಿದ್ದರೂ ಹಾಡಿಗೆ ಕೊರತೆಯಾಗುವುದಿಲ್ಲ. ಮುಂದೆ ಅವಳನ್ನು ಬಿಟ್ಟುಕೊಡಲಿರುವ ನಾಯಕನಿಗೆ ಇಂಥ ಹಾಡೇ ಹೊಂದುತ್ತದೆ, ಏಕೆಂದರೆ ಅವನ ಪ್ರೀತಿ ಮೊದಲಿನಿಂದಲೂ ಅವನೊಬ್ಬನೊಳಗೇ ಪೂರ್ತಿಯಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಮನೋಮೂರ್ತಿಯವರ ಸಂಗೀತದಲ್ಲೂ, ಸೋನು ನಿಗಮ್ ಅವರ ಗಾಯನದಲ್ಲೂ ಏರುದನಿ ಕಡಿಮೆ. ಗಟ್ಟಿಯಾಗಿ ಹೇಳಿದರೆ ಆ ಭಾವ ಒಡೆದುಹೋಗುತ್ತದೆ ಎಂಬ ಎಚ್ಚರ ಅಲ್ಲಿದೆ.

ಕೇಳುವವರ ದೃಷ್ಟಿಯಿಂದಲೂ ಇದು ಮುಖ್ಯ. ಜುಗಲ್‌ಬಂದಿ ಹಾಡನ್ನು ಒಬ್ಬರೇ ಗುನುಗುವುದು ಕಷ್ಟ. ಸ್ವಗತದ ಹಾಡನ್ನು ಬಸ್ಸಿನ ಕಿಟಕಿ ಪಕ್ಕ ಕುಳಿತ ಯಾರಾದರೂ ತಮ್ಮದೇ ಎಂದುಕೊಳ್ಳಬಹುದು. ತನ್ನ ಪ್ರೀತಿಯನ್ನು ಯಾರಿಗೂ ಹೇಳಿಕೊಳ್ಳಲಾಗದೆ ಇಟ್ಟುಕೊಂಡವರು ನಮ್ಮಲ್ಲಿ ಎಷ್ಟು ಜನರಿದ್ದಾರೋ, ಅವರೆಲ್ಲರಿಗೂ ಆ ಹಾಡು ಸಿಕ್ಕಿತು.

ಮ್ಯಾಟಿನಿ ಪ್ರೇಕ್ಷಕಿ

ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ಆದರೆ ಒಂದು ಪ್ರಶ್ನೆಯನ್ನು ಇಬ್ಬರೂ ದಾಟಿಕೊಂಡು ಹೋಗಿದ್ದೀರಿ. ಬಿಟ್ಟುಕೊಡುವವರು ಯಾರು, ಬಿಟ್ಟುಕೊಡಲ್ಪಡುವವರು ಯಾರು?

ಪ್ರೀತಮ್ ಮತ್ತು ನಂದಿನಿಯ ತಂದೆ, ಇಬ್ಬರು ಗಂಡಸರು, ಅವಳು ಅಲ್ಲಿ ಇಲ್ಲದಾಗ ಮಾತನಾಡುತ್ತಾರೆ. ಆ ಮಾತಿನ ಬಲದ ಮೇಲೆ ಪ್ರೀತಮ್ ತೀರ್ಮಾನಿಸುತ್ತಾನೆ. ಅವನ ತ್ಯಾಗಕ್ಕೆ ನಾವೆಲ್ಲ ಕಣ್ಣೀರು ಹಾಕುತ್ತೇವೆ. ನಂದಿನಿ ಕಳೆದುಕೊಂಡದ್ದೇನೆಂದು ಲೆಕ್ಕ ಹಾಕಲು ಚಿತ್ರ ನಮಗೆ ಒಂದು ನಿಮಿಷವನ್ನೂ ಕೊಡುವುದಿಲ್ಲ. 'ಬಂಧನ'ದಲ್ಲಿಯೂ ಅಷ್ಟೇ, ವಿಷ್ಣುವರ್ಧನ್ ಅವರ ಮುಖದ ಮೇಲಿನ ನೋವನ್ನು ಕ್ಯಾಮೆರಾ ಹಿಂಬಾಲಿಸುತ್ತದೆ, ಸುಹಾಸಿನಿಯವರ ಪಾತ್ರ ತನಗೇ ಗೊತ್ತಿಲ್ಲದ ಒಂದು ಪ್ರೀತಿಯ ಭಾರಕ್ಕೆ ಕಾರಣಳಾಗುತ್ತಾಳೆ. (ಆ ಚಿತ್ರದ ನಾಯಕಿಯ ಹೆಸರೂ ನಂದಿನಿಯೇ ಎಂಬುದನ್ನು ಗಮನಿಸಿದ್ದೀರಾ?) ಗಂಡಿನ ತ್ಯಾಗವನ್ನು ದೊಡ್ಡದು ಮಾಡುವ ಈ ಕಟ್ಟುಪಾಡು ಹೆಣ್ಣಿನ ಆಯ್ಕೆಯನ್ನು ಸದ್ದಿಲ್ಲದೆ ತೆಗೆದುಹಾಕುತ್ತದೆ.

ಇದು ಕನ್ನಡದಲ್ಲಿ ಯಾವಾಗಲೂ ಹೀಗಿರಲಿಲ್ಲ. 1967ರಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು 'ಬೆಳ್ಳಿಮೋಡ' ತೆಗೆದರು. ಕಲ್ಪನಾ ಅವರು ಮಾಡಿದ ಇಂದಿರಾ ಶ್ರೀಮಂತ ಎಸ್ಟೇಟಿನ ಒಬ್ಬಳೇ ಮಗಳು. ಅವಳ ತಂದೆಯ ಹಣದಲ್ಲಿ ವಿದೇಶಕ್ಕೆ ಓದಲು ಹೋದ ಮೋಹನ ಹಿಂದಿರುಗುವ ಹೊತ್ತಿಗೆ ಆ ಮನೆಯಲ್ಲಿ ಗಂಡುಮಗು ಹುಟ್ಟಿರುತ್ತದೆ. ಆಸ್ತಿ ತನಗೆ ಬರುವುದಿಲ್ಲವೆಂದು ತಿಳಿದೊಡನೆ ಅವನ ಪ್ರೀತಿ ತಣ್ಣಗಾಗುತ್ತದೆ. ಅನಂತರ ಅವನು ಗಾಯಗೊಂಡು ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ, ಅವನಿಗೆ ಪಶ್ಚಾತ್ತಾಪವೂ ಆಗುತ್ತದೆ, ಮದುವೆಯಾಗೋಣವೆಂದು ಕೇಳುತ್ತಾನೆ. ಬೇರೆ ಯಾವ ಚಿತ್ರವಾದರೂ ಅಲ್ಲಿಗೆ ಓಲಗ ಊದಿಸಿ ಮುಗಿಸುತ್ತಿತ್ತು. ಇಂದಿರಾ ಒಲ್ಲೆ ಎನ್ನುತ್ತಾಳೆ. ಅವಳಲ್ಲಿ ಕೋಪವಿಲ್ಲ, ಸೇಡಿಲ್ಲ. ಅವನನ್ನು ಪೂರ್ತಿಯಾಗಿ ಅರಿತುಕೊಂಡಿದ್ದರಿಂದ ಒಲ್ಲೆ ಎನ್ನುತ್ತಾಳೆ.

ಇದು ಸಾಧ್ಯವಾದದ್ದಕ್ಕೆ ಕಾರಣವೂ ಇದೆ. ಆ ಕಾಲದ ಕನ್ನಡ ಪ್ರೇಮಚಿತ್ರಗಳ ಒಂದು ದೊಡ್ಡ ಪಾಲು ಲೇಖಕಿಯರ ಕಾದಂಬರಿಗಳಿಂದ ಬಂದದ್ದು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಆಮೇಲೆ 'ಬಂಧನ'ದ ಮೂಲ ಕಾದಂಬರಿಯನ್ನು ಬರೆದ ಉಷಾ ನವರತ್ನರಾಂ. ಆ ಕಾದಂಬರಿಗಳನ್ನು ವಾರಪತ್ರಿಕೆಯಲ್ಲೋ ಬಾಡಿಗೆ ಗ್ರಂಥಾಲಯದಲ್ಲೋ ಓದಿದ ಹೆಂಗಸರೇ ಮಧ್ಯಾಹ್ನದ ಆಟಕ್ಕೆ ಬಂದು ಕುಳಿತರು. ಕಥೆ ಬರೆದವರೂ ಹೆಂಗಸರು, ನೋಡುವವರಲ್ಲೂ ಹೆಂಗಸರೇ ಹೆಚ್ಚು. ಹಾಗಾಗಿ ನಾಯಕಿಯ ಮನಸ್ಸಿನೊಳಗೆ ಏನಾಗುತ್ತಿದೆ ಎಂಬುದನ್ನು ಬಿಟ್ಟು ಚಿತ್ರ ತೆಗೆಯುವಂತಿರಲಿಲ್ಲ.

ಸಹ್ಯಾದ್ರಿ

ಮ್ಯಾಟಿನಿ ಪ್ರೇಕ್ಷಕಿಯವರೇ, 'ಬೆಳ್ಳಿಮೋಡ'ವನ್ನು ನೀವು ಇಲ್ಲಿಗೆ ತಂದದ್ದು ಚರ್ಚೆಗೆ ತುಂಬ ಅಗತ್ಯವಾಗಿತ್ತು. ಒಂದು ಮಾತು ಸೇರಿಸುತ್ತೇನೆ. ಅಲ್ಲಿಯೂ ಜೋಡಿ ಒಂದಾಗುವುದಿಲ್ಲ, ಅಲ್ಲಿಯೂ ಬಿಡುವ ಕ್ರಿಯೆಯೇ ಚಿತ್ರದ ಶಿಖರ. ವ್ಯತ್ಯಾಸವಿರುವುದು ಆ ಕ್ರಿಯೆಯ ಅಧಿಕಾರ ಯಾರ ಕೈಯಲ್ಲಿದೆ ಎಂಬುದರಲ್ಲಿ. ಹಾಗಿದ್ದರೆ ಕಟ್ಟುಪಾಡು ಒಂದೇ, ಅದನ್ನು ಹಿಡಿದ ಕೈ ಮಾತ್ರ ಬದಲಾಗಿದೆ ಎಂದು ಹೇಳಬಹುದಲ್ಲವೇ?

ಕೆ.ಜಿ. ರಸ್ತೆಯವ

ನಾನು ಬಹುಕಾಲ ಚಿತ್ರ ಪ್ರದರ್ಶನದ ವ್ಯವಹಾರದಲ್ಲಿ ಇದ್ದವನು. ಆದ್ದರಿಂದ ಗಲ್ಲಾಪೆಟ್ಟಿಗೆಯ ಕಡೆಯಿಂದ ಎರಡು ವಿಷಯ ಹೇಳುತ್ತೇನೆ.

ದೊಡ್ಡ ತಾರೆಯ ಹೊಡೆದಾಟದ ಚಿತ್ರಕ್ಕೆ ಮೊದಲ ದಿನದ ಮೊದಲ ಆಟವೇ ಹಬ್ಬ. ಕಟೌಟು, ಹಾಲಿನ ಅಭಿಷೇಕ, ಪಟಾಕಿ, ಶಿಳ್ಳೆ ಎಲ್ಲವೂ ಅಂದೇ. ಪ್ರೇಮಚಿತ್ರದ ಲೆಕ್ಕವೇ ಬೇರೆ. ಅದು ಮೊದಲ ವಾರ ಕುಂಟುತ್ತದೆ, ಎರಡನೆಯ ವಾರ ಎದ್ದು ನಿಲ್ಲುತ್ತದೆ. ನೋಡಿ ಬಂದವರು ಇನ್ನೊಬ್ಬರಿಗೆ ಹೇಳಬೇಕು, ಅವರು ಮತ್ತೊಬ್ಬರನ್ನು ಕರೆದುಕೊಂಡು ಬರಬೇಕು. 'ಮುಂಗಾರು ಮಳೆ' ಬಿಡುಗಡೆಯಾದಾಗ ಗಣೇಶ್ ಅವರು ಟೀವಿಯಲ್ಲಿ ಪರಿಚಿತರೇ ಹೊರತು ಗಲ್ಲಾಪೆಟ್ಟಿಗೆಯ ತಾರೆಯಾಗಿರಲಿಲ್ಲ, ಪೂಜಾ ಗಾಂಧಿಯವರು ಕನ್ನಡಕ್ಕೇ ಹೊಸಬರು. ಆ ಚಿತ್ರ ಬೆಂಗಳೂರಿನ ಪಿವಿಆರ್ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಹೊಸ ಪ್ರೇಕ್ಷಕರಿಂದ ಮಾತ್ರ ಇದು ಸಾಧ್ಯವೇ ಇಲ್ಲ, ಒಮ್ಮೆ ನೋಡಿದವರು ಮತ್ತೆ ಬಂದರೆ ಮಾತ್ರ ಇಷ್ಟು ದಿನ ಪರದೆ ಸಿಗುತ್ತದೆ.

ಈ ವ್ಯವಸ್ಥೆ ಇಂದು ಮುರಿದುಬಿದ್ದಿದೆ. ಶುಕ್ರವಾರ ತೆರೆಕಂಡ ಚಿತ್ರದ ಹಣೆಬರಹವನ್ನು ಸೋಮವಾರವೇ ಬರೆದುಬಿಡುತ್ತಾರೆ, ಗಳಿಕೆ ಕಡಿಮೆಯಿದ್ದರೆ ಆಟಗಳನ್ನು ಕತ್ತರಿಸಿ ಬೇರೆ ಚಿತ್ರಕ್ಕೆ ಕೊಡುತ್ತಾರೆ. ಬಾಯಿಮಾತಿನ ಪ್ರಚಾರ ಶುರುವಾಗುವ ಹೊತ್ತಿಗೆ ಚಿತ್ರವೇ ಇರುವುದಿಲ್ಲ. 2020ರ ಜನವರಿ 31ರಂದು 'ಲವ್ ಮಾಕ್‌ಟೇಲ್' ಬಂತು, ಅದರ ಮರುವಾರ 'ದಿಯಾ' ಬಂತು. ಈ ಎರಡೂ ಚಿತ್ರಗಳು ದೊಡ್ಡ ಪ್ರೇಕ್ಷಕವರ್ಗವನ್ನು ತಲುಪಿದ್ದು ಆಮೇಲೆ ಜನ ಲಾಕ್‌ಡೌನಿನಲ್ಲಿ ಮನೆಯಲ್ಲಿ ಕುಳಿತು ಅಮೆಜಾನ್ ಪ್ರೈಮಿನಲ್ಲಿ ನೋಡಿದಾಗ. ಎರಡರಲ್ಲೂ ಅಂತ್ಯ ಸುಖದ್ದಲ್ಲ. ಸಹ್ಯಾದ್ರಿಯವರ ವಾದಕ್ಕೆ ಇದು ಬಲ ಕೊಡುತ್ತದೆ, ಆದರೆ ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ತುಂಬಿದ ಚಿತ್ರಮಂದಿರದಲ್ಲಿ ಮುನ್ನೂರು ನಾನೂರು ಜನ ಒಟ್ಟಿಗೆ ಉಸಿರು ಬಿಗಿಹಿಡಿಯುವ ಅನುಭವ ಫೋನಿನ ಪರದೆಯಲ್ಲಿ ಇಲ್ಲ. ದುಃಖಾಂತದ ಚಿತ್ರಕ್ಕೆ ಆ ಒಟ್ಟುಗೂಡುವಿಕೆ ಬೇಕು. ಪಕ್ಕದ ಸೀಟಿನ ಅಪರಿಚಿತರೂ ಕಣ್ಣೊರೆಸಿಕೊಳ್ಳುತ್ತಿದ್ದಾರೆ ಎಂದು ತಿಳಿದಾಗಲೇ ನಾವೂ ಅಳಲು ಧೈರ್ಯ ಮಾಡುತ್ತೇವೆ.

ಶರಾವತಿ

ಅಡ್ಡಿಗಳ ವಿಷಯವನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಪ್ರೇಮಕಥೆಗೆ ಅಡ್ಡಿ ಬೇಕು. ನಮ್ಮ ಸಮಾಜದಲ್ಲಿ ಪ್ರೀತಿಗೆ ಎದುರಾಗುವ ಅತಿ ದೊಡ್ಡ ಅಡ್ಡಿ ಯಾವುದು ಎಂದು ಹತ್ತು ಜನರನ್ನು ಕೇಳಿದರೆ ಹತ್ತೂ ಜನ ಜಾತಿ ಎನ್ನುತ್ತಾರೆ. ನಮ್ಮ ಜನಪ್ರಿಯ ಪ್ರೇಮಚಿತ್ರಗಳಲ್ಲಿ ಮಾತ್ರ ಅಡ್ಡಿ ಬೇರೆಯೇ. ಹೃದಯದ ಕಾಯಿಲೆ, ಕ್ಯಾನ್ಸರ್, ಕೊಟ್ಟ ಮಾತು, ಗೆಳೆಯನ ಋಣ, ಅಪಘಾತ. ಇವುಗಳಲ್ಲಿ ಯಾವುದಕ್ಕೂ ಯಾರೂ ಹೊಣೆಯಲ್ಲ. ಕಾಯಿಲೆಯ ಮೇಲೆ ಕೋಪಿಸಿಕೊಳ್ಳಲು ಬರುವುದಿಲ್ಲ. ಹಾಗಾಗಿ ಪ್ರೇಕ್ಷಕನಿಗೆ ದುಃಖವಾಗುತ್ತದೆ, ಆದರೆ ಯಾರ ವಿರುದ್ಧವೂ ಪ್ರಶ್ನೆ ಏಳುವುದಿಲ್ಲ. ಮನೆಯ ಹಿರಿಯರೂ ಮಕ್ಕಳೂ ಅಕ್ಕಪಕ್ಕ ಕುಳಿತು ಒಂದೇ ಚಿತ್ರಕ್ಕೆ ಅಳಬಹುದು. ಕುಟುಂಬಸಮೇತ ನೋಡುವ ಚಿತ್ರವೆಂಬ ಹೆಗ್ಗಳಿಕೆಗೆ ಹಿಂದಿರುವ ಗುಟ್ಟು ಇದು.

2007ರ 'ಚೆಲುವಿನ ಚಿತ್ತಾರ' ಈ ಸಾಲಿನಿಂದ ಹೊರಗೆ ನಿಲ್ಲುತ್ತದೆ. ತಮಿಳಿನ 'ಕಾದಲ್' ಚಿತ್ರದ ರೀಮೇಕಾದ ಅದರಲ್ಲಿ ಹುಡುಗಿಯ ಮನೆಯವರೇ ಆ ಜೋಡಿಯನ್ನು ಹಿಂಸೆಯಿಂದ ಒಡೆಯುತ್ತಾರೆ. ಆ ಚಿತ್ರವನ್ನೂ ಜನ ಮುಗಿಬಿದ್ದು ನೋಡಿದರು. ಅಂದರೆ ಅಡ್ಡಿಗೆ ಒಂದು ಮುಖವಿದ್ದರೆ ಪ್ರೇಕ್ಷಕ ಬರುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ. (ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯ ಪ್ರೇಮವನ್ನು ಅಲ್ಲಿ ತೋರಿಸಿದ ಬಗೆಗೆ ನನಗೆ ತಕರಾರಿದೆ, ಅದು ಬೇರೆಯೇ ಚರ್ಚೆಯಾಗಬೇಕಾದ ವಿಷಯ.)

ಬಿಟ್ಟುಕೊಡುವುದರಲ್ಲಿ ಘನತೆಯಿದೆ ಎಂದು ಸಹ್ಯಾದ್ರಿಯವರು ಬರೆದಿದ್ದಾರೆ. ತಂದೆಯ ಹೃದಯದ ಕಾಯಿಲೆಯ ಜಾಗದಲ್ಲಿ ತಂದೆಯ ಜಾತಿಯ ಹಟವನ್ನು ಇಟ್ಟು ಅದೇ ದೃಶ್ಯವನ್ನು ಊಹಿಸಿಕೊಳ್ಳಲು ಅವರನ್ನು ಕೇಳುತ್ತೇನೆ. ಆಗಲೂ ಪ್ರೀತಮನ ಮೌನ ನಮಗೆ ಘನತೆಯಂತೆ ಕಾಣುತ್ತದೆಯೇ?

ಮೈಸೂರಿನ ಓದುಗ

ಚರ್ಚೆ ಒಂದೇ ದಿಕ್ಕಿಗೆ ವಾಲುತ್ತಿದೆ. ಬಿಟ್ಟುಕೊಡುವುದೇ ಕನ್ನಡ ಪ್ರೇಮಚಿತ್ರದ ತಿರುಳೆಂಬುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನಮ್ಮಲ್ಲಿ ಇನ್ನೊಂದು ಧಾರೆಯಿದೆ, ಅದು ದಾಂಪತ್ಯದೊಳಗಿನ ಪ್ರೇಮದ ಧಾರೆ.

ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಪ್ರಕಟವಾಯಿತು. ಕನ್ನಡದ ಅತ್ಯಂತ ಜನಪ್ರಿಯ ಪ್ರೇಮಕವಿತೆಗಳ ಆ ಸಂಕಲನದಲ್ಲಿ ಪ್ರೇಮಿಗಳು ಗಂಡಹೆಂಡತಿ. ತವರಿಗೆ ಹೋದವಳು, ಕಾಯುವವನು, ನಡುವೆ ಬಳೆಗಾರ, ಅತ್ತೆ ಮಾವ, ಹಿತ್ತಲು, ಎತ್ತಿನ ಗಾಡಿ. ಅಗಲಿಕೆ ಅಲ್ಲೂ ಇದೆ, ಆದರೆ ನಾಲ್ಕು ದಿನದ್ದು. ಟಿ.ಎಸ್. ನಾಗಾಭರಣ ಅವರು 1992ರಲ್ಲಿ ಆ ಕವಿತೆಗಳ ಸುತ್ತ ಇದೇ ಹೆಸರಿನ ಚಿತ್ರವನ್ನು ಕಟ್ಟಿದರು.

ಸಿನಿಮಾದಲ್ಲಿ ಈ ಧಾರೆಯ ಅತ್ಯುತ್ತಮ ಉದಾಹರಣೆ ನನ್ನ ಮಟ್ಟಿಗೆ 1974ರ 'ಎರಡು ಕನಸು'. ವಾಣಿಯವರ ಕಾದಂಬರಿ, ದೊರೆ-ಭಗವಾನ್ ಅವರ ನಿರ್ದೇಶನ. ರಾಜ್‌ಕುಮಾರ್ ಅವರ ಪಾತ್ರವು ಲಲಿತೆಯನ್ನು ಪ್ರೀತಿಸುತ್ತದೆ, ಮನೆಯವರ ಒತ್ತಾಯಕ್ಕೆ ಗೌರಿಯನ್ನು ಮದುವೆಯಾಗುತ್ತದೆ. ಲಲಿತೆಯಾಗಿ ಮಂಜುಳಾ, ಗೌರಿಯಾಗಿ ಕಲ್ಪನಾ. ಕಳೆದುಹೋದ ಪ್ರೀತಿಯನ್ನು ಎದೆಯಲ್ಲಿಟ್ಟುಕೊಂಡು ಕಟ್ಟಿಕೊಂಡವಳನ್ನು ಕಣ್ಣೆತ್ತಿ ನೋಡದ ಗಂಡ ಆ ಚಿತ್ರದ ನಾಯಕ. 'ಮುಂಗಾರು ಮಳೆ' ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ 'ಎರಡು ಕನಸು' ನಿಜವಾಗಿ ಆರಂಭವಾಗುತ್ತದೆ ಎಂದರೂ ತಪ್ಪಿಲ್ಲ. ಬಿಟ್ಟುಕೊಟ್ಟ ಮೇಲೆ ಮರುದಿನ ಬೆಳಿಗ್ಗೆ ಏಳಬೇಕು, ಇನ್ನೊಬ್ಬರೊಂದಿಗೆ ಒಂದೇ ಮನೆಯಲ್ಲಿ ಬದುಕಬೇಕು, ಅವರು ತಂದಿಟ್ಟ ಕಾಫಿಯನ್ನು ಕುಡಿಯಬೇಕು. ಆ ಚಿತ್ರ ಈ ಎಲ್ಲವನ್ನೂ ನೋಡುತ್ತದೆ. ಲಲಿತೆ ತನ್ನ ಸಂಸಾರದಲ್ಲಿ ಸುಖವಾಗಿರುವುದನ್ನು ಕಂಡ ಮೇಲೆ ನಾಯಕನಿಗೆ ತಾನು ಗೌರಿಗೆ ಮಾಡುತ್ತಿರುವ ಅನ್ಯಾಯ ಅರಿವಾಗುತ್ತದೆ. 2007ರ 'ಮಿಲನ'ದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಾತ್ರವೂ ಹಳೆಯ ಪ್ರೀತಿಯನ್ನು ಕಳೆದುಕೊಂಡೇ ಮದುವೆಯೊಳಗೆ ಕಾಲಿಡುತ್ತದೆ, ಅಲ್ಲಿಯೂ ಪ್ರೇಮ ಹುಟ್ಟುವುದು ತಾಳಿ ಕಟ್ಟಿದ ಮೇಲೆ.

ಹಾಡುಗಳ ಹುಚ್ಚ

ಮೈಸೂರಿನ ಓದುಗರ ಮಾತಿನ ಬೆನ್ನಲ್ಲೇ 'ಸಪ್ತ ಸಾಗರದಾಚೆ ಎಲ್ಲೋ' ನೆನಪಾಗುತ್ತದೆ. ಹೇಮಂತ್ ರಾವ್ ಅವರು ಮೊದಲ ಭಾಗವನ್ನು 2023ರ ಸೆಪ್ಟೆಂಬರ್ 1ರಂದೂ ಎರಡನೆಯದನ್ನು ನವೆಂಬರ್ 17ರಂದೂ ಬಿಡುಗಡೆ ಮಾಡಿದರು. ಮೊದಲ ಭಾಗವನ್ನು ತಲೆಯ ಮೇಲೆ ಹೊತ್ತ ಎಷ್ಟೋ ಜನರಿಗೆ ಎರಡನೆಯದು ಅಷ್ಟು ಹಿಡಿಸಲಿಲ್ಲ. ಮೊದಲನೆಯದರಲ್ಲಿ ಮನು ಸ್ವಂತ ಮನೆಯ ಆಸೆಗಾಗಿ ತಾನು ಮಾಡದ ಅಪಘಾತದ ಹೊಣೆ ಹೊತ್ತು ಜೈಲಿಗೆ ಹೋಗುತ್ತಾನೆ, ಪ್ರಿಯಾಳ ಧ್ವನಿ ತುಂಬಿದ ಕ್ಯಾಸೆಟ್ಟನ್ನು ಕಿವಿಗೆ ಹಿಡಿದು ದಿನ ದೂಡುತ್ತಾನೆ. ಕಳೆದುಕೊಂಡವನ ಸೌಂದರ್ಯ ಅಲ್ಲಿದೆ. ಎರಡನೆಯದರಲ್ಲಿ ಅದೇ ಮನು ಬಿಡುಗಡೆಯಾಗಿ ಬಂದು ಮದುವೆಯಾದ ಪ್ರಿಯಾಳನ್ನು ದೂರದಿಂದ ಹಿಂಬಾಲಿಸುತ್ತಾನೆ. ಬಿಟ್ಟುಕೊಡಲಾಗದವನನ್ನು ನೋಡುವುದು ಹಿತವಲ್ಲ. ಕ್ಯಾಸೆಟ್ಟಿನ ಧ್ವನಿಯನ್ನು ಪ್ರೀತಿಸುವುದಕ್ಕೂ ಬದುಕಿ ಮುಂದೆ ಹೋಗಿರುವ ಹೆಣ್ಣನ್ನು ಪ್ರೀತಿಸುವುದಕ್ಕೂ ಇರುವ ಅಂತರವನ್ನು ಎರಡನೆಯ ಭಾಗ ತೋರಿಸಿತು. ಪ್ರೇಕ್ಷಕ ಬಯಸಿ ಬಂದದ್ದು ಮೊದಲನೆಯ ರುಚಿಯನ್ನು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಪ್ರಾಮಾಣಿಕವಾದ ಚಿತ್ರ.

ಸಹ್ಯಾದ್ರಿ

ಶರಾವತಿಯವರ ಪ್ರಶ್ನೆಗೆ ನೇರವಾದ ಉತ್ತರ ಕೊಡಬೇಕು. ಇಲ್ಲ, ಜಾತಿಯ ಹಟದ ಮುಂದೆ ಪ್ರೀತಮ್ ಸುಮ್ಮನಾದರೆ ನನಗದು ಘನತೆಯೆನಿಸುವುದಿಲ್ಲ, ಸೋಲೆನಿಸುತ್ತದೆ. ಹೀಗಾಗಿ ಬಿಟ್ಟುಕೊಡುವುದರ ಘನತೆ ಅಡ್ಡಿಯ ಸ್ವರೂಪವನ್ನು ಅವಲಂಬಿಸಿದೆ ಎಂದಾಗುತ್ತದೆ. ಹಾಗೆಂದು ಆ ದೃಶ್ಯ ನನ್ನ ಮೇಲೆ ಮಾಡುವ ಪರಿಣಾಮ ಕಡಿಮೆಯಾಗುವುದಿಲ್ಲ. ಸಾವಿನ ಅಂಚಿನಲ್ಲಿರುವ ಒಬ್ಬ ತಂದೆಯ ಎದುರು ತನ್ನ ಸುಖವನ್ನು ಕೇಳಲಾರದೆ ಹೋಗುವುದು ಮನುಷ್ಯಮಾತ್ರರಿಗೆ ಅರ್ಥವಾಗುವ ಸಂಗತಿ, ಅದನ್ನು ಕೇವಲ ತಂತ್ರವೆಂದು ತಳ್ಳಿಹಾಕಲಾರೆ.

ಮ್ಯಾಟಿನಿ ಪ್ರೇಕ್ಷಕಿ

ಮೈಸೂರಿನ ಓದುಗರು 'ಎರಡು ಕನಸು' ಪ್ರಸ್ತಾಪಿಸಿದ್ದರಿಂದ ಒಂದು ಮುಖ್ಯವಾದ ವಿಷಯ ಹೇಳಲು ಅವಕಾಶವಾಯಿತು. 1967ರಲ್ಲಿ ಮೋಹನನನ್ನು ಒಲ್ಲೆ ಎಂದ ಇಂದಿರಾ, 1974ರಲ್ಲಿ ಗಂಡನ ಮನಸ್ಸು ತಿರುಗಲೆಂದು ತಾಳ್ಮೆಯಿಂದ ಕಾದ ಗೌರಿ, ಎರಡೂ ಪಾತ್ರಗಳನ್ನು ಮಾಡಿದವರು ಕಲ್ಪನಾ. ತಿರಸ್ಕರಿಸುವ ಹೆಣ್ಣನ್ನೂ ಕಾಯುವ ಹೆಣ್ಣನ್ನೂ ಒಬ್ಬಳೇ ನಟಿಯಲ್ಲಿ ನೋಡಲು ಅದೇ ಪ್ರೇಕ್ಷಕರು ಸಿದ್ಧರಿದ್ದರು. ಒಂದನ್ನು ಒಪ್ಪಿದ್ದಕ್ಕೆ ಇನ್ನೊಂದನ್ನು ನಿರಾಕರಿಸಲಿಲ್ಲ. ಹೆಣ್ಣು ತಾನೇ ತೀರ್ಮಾನಿಸಿದರೆ ಪ್ರೇಮಚಿತ್ರ ಓಡುವುದಿಲ್ಲ, ಜನ ಒಪ್ಪುವುದಿಲ್ಲ ಎಂದು ಇಂದಿನ ನಿರ್ಮಾಪಕರು ಹೇಳಿದಾಗ ನನಗೆ ಈ ಎರಡು ಚಿತ್ರಗಳು ಎದುರಿಗೆ ಬರುತ್ತವೆ.

ಪ್ರೀತಮನ ಮೌನದ ಬಗ್ಗೆ ಸಹ್ಯಾದ್ರಿಯವರು ಬರೆದದ್ದು ನನಗೂ ನಾಟಿದೆ. ಆ ಮೌನದ ದೃಶ್ಯವನ್ನು ತೆಗೆದುಹಾಕಬೇಕೆಂದು ನಾನು ಕೇಳುತ್ತಿಲ್ಲ. ಅದರ ನಂತರ ಇನ್ನೊಂದು ದೃಶ್ಯ ಬೇಕು. ಪ್ರೀತಮ್ ನಂದಿನಿಯ ಬಳಿಗೆ ಹೋಗಿ, ನಿಮ್ಮ ತಂದೆ ಹೀಗೆ ಹೇಳಿದರು, ನನಗೆ ಮುಂದೆ ಮಾತು ಹೊರಡಲಿಲ್ಲ, ಈಗ ನೀವು ಹೇಳಿ ಎಂದು ಕೇಳುವ ದೃಶ್ಯ. ಅವಳು ತಂದೆಯನ್ನೇ ಆರಿಸಿಕೊಳ್ಳಬಹುದು, ಮದುವೆ ಮನೆಯವರು ಗೊತ್ತುಮಾಡಿದ್ದ ಗೌತಮನೊಂದಿಗೇ ಆಗಬಹುದು, ಅಂತ್ಯ ಒಂದಿಷ್ಟೂ ಬದಲಾಗದೆ ಇರಬಹುದು. ಆಗ ಮಂಟಪದಲ್ಲಿ ಕುಳಿತವಳ ಮುಖವನ್ನು ಕ್ಯಾಮೆರಾ ಬೇರೆ ರೀತಿಯಲ್ಲಿ ನೋಡಬೇಕಾಗುತ್ತದೆ, ಏಕೆಂದರೆ ಬಿಟ್ಟುಕೊಟ್ಟವರು ಅಲ್ಲಿ ಇಬ್ಬರಿರುತ್ತಾರೆ.